ಕಾಪಿಟ್ಟವರೂ ಇತಿಹಾಸಕಾರರೇ

ರಸಾಯನಶಾಸ್ತ್ರದ ಇತಿಹಾಸಕ್ಕಾಗಿ ಬದುಕಿಡೀ ದುಡಿದವರಿಗೆ ಸಿಗುತ್ತಿದ್ದ ಡೆಕ್ಸ್‌ಟರ್ ಪ್ರಶಸ್ತಿಯ ಬಗ್ಗೆ ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಆದರೆ ಈವಾ ಆರ್ಮ್‌ಸ್ಟ್ರಾಂಗ್ ಹೆಸರು ಬರಲೇಬೇಕಿತ್ತು. 1958ರಲ್ಲಿ ಅದು ಸಿಕ್ಕಿದ್ದು ಅವರಿಗೆ. ಅವರು ಪ್ರೊಫೆಸರ್ ಅಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಎಡ್ಗರ್ ಫಾಸ್ ಸ್ಮಿತ್ ಅವರ ಕಾರ್ಯದರ್ಶಿಯಾಗಿದ್ದವರು. ಸ್ಮಿತ್‌ಗೆ ಹಳೆಯ ಪುಸ್ತಕ, ಪತ್ರ, ವಿಜ್ಞಾನಿಗಳ ಚಿತ್ರಗಳನ್ನು ಹುಡುಕಿ ಕೂಡಿಡುವ ಹುಚ್ಚು. 1928ರಲ್ಲಿ ಅವರು ತೀರಿಕೊಂಡಾಗ ಅವರ ಪತ್ನಿ ಅದನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಕೊಟ್ಟರು. ನೋಡಿಕೊಳ್ಳುವ ಹೊಣೆ ಈವಾ ಅವರ ಹೆಗಲಿಗೆ ಬಂತು. ಅವರು ಸುಮ್ನೆ ಬೀಗದ ಕೈ ಹಿಡಿದು ಕೂರಲಿಲ್ಲ. ಸಂಗ್ರಹವನ್ನು ಬೆಳೆಸಿದರು, ಸಂಶೋಧಕರಿಗೆ ನೆರವಾದರು, ತಾವೂ ಬರೆದರು. 1948ರಲ್ಲಿ ರಸಾಯನಶಾಸ್ತ್ರದ ಇತಿಹಾಸಕ್ಕೆಂದೇ ಶುರುವಾದ ‘ಕೈಮಿಯಾ’ ಪತ್ರಿಕೆಗೂ ಇದೇ ಸಂಗ್ರಹ ಆಸರೆಯಾಗಿತ್ತು.

ಇತಿಹಾಸ ಬರೆಯಲು ಮೊದಲು ಕಾಗದ ಉಳಿದಿರಬೇಕು, ಅಲ್ವಾ? ದಪ್ಪ ಗ್ರಂಥ ಬರೆದವರ ಹೆಸರು ಎಲ್ಲರಿಗೂ ಗೊತ್ತು. ಆ ಗ್ರಂಥದ ಅಡಿಟಿಪ್ಪಣಿಗೆ ಪತ್ರ ಹುಡುಕಿಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಅಂಥವರಿಗೂ ಆ ಕಾಲದಲ್ಲೇ ಇದೇ ಗೌರವ ಕೊಟ್ಟರಲ್ಲ, ನನಗೆ ಆ ಪ್ರಶಸ್ತಿಯ ಮೇಲೆ ಪ್ರೀತಿ ಜಾಸ್ತಿಯಾಗಿದ್ದು ಅದಕ್ಕೇ. ದಯವಿಟ್ಟು ಈವಾ ಬಗ್ಗೆಯೂ ಒಂದು ಲೇಖನ ಬರೆಯಿರಿ.