‘ನೋಡೋಣ’ ಡಬ್ಬಿ

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಮೂರು ರೂಪಾಯಿ ಚಿಲ್ಲರೆ ಇಲ್ಲದೆ ಮಾನ ಕಳೆದುಕೊಂಡು ಬಂದಿದ್ದೇನೆ. ಕಂಡಕ್ಟರ್ ನನ್ನ ಮುಖ ನೋಡಿದರು, ನನ್ನ ಇಸ್ತ್ರಿ ಮಾಡಿದ ಶರ್ಟು ನೋಡಿದರು, ‘ಮೂರು ರೂಪಾಯಿನೂ ಇಲ್ವಾ ಸಾರ್?’ ಅಂದರು. ಇಡೀ ಬಸ್ಸು ತಿರುಗಿತು. ಹಿಂದಿನ ಸೀಟಿನಲ್ಲಿದ್ದ ಶಾಲೆ ಹುಡುಗನೊಬ್ಬ ಜಾಮಿಟ್ರಿ ಬಾಕ್ಸ್ ತೆಗೆದು ಮೂರು ರೂಪಾಯಿ ಕೊಟ್ಟ. ‘ಪರವಾಗಿಲ್ಲ ಅಂಕಲ್.’ ಆ ಅಂಕಲ್ ಬೇರೆ.

ನಮ್ಮ ಮನೆಯಲ್ಲಿ ಚಿಲ್ಲರೆ ಇಲ್ಲ ಅಂದುಕೊಳ್ಳಬೇಡಿ. ಕಳೆದ ಭಾನುವಾರದ ಎಣಿಕೆಯಂತೆ 614 ನಾಣ್ಯಗಳಿವೆ. ಮುಟ್ಟುವ ಹಾಗಿಲ್ಲ ಅಷ್ಟೆ.

ಅಪ್ಪ ನಿವೃತ್ತರಾದ ಮೇಲೆ ಹುಟ್ಟಿಕೊಂಡ ಕಾಯಿಲೆ ಇದು. ಮೂರು ಪ್ಲಾಸ್ಟಿಕ್ ಡಬ್ಬಿಗಳಿವೆ, ಮೂರಕ್ಕೂ ಚೀಟಿ ಅಂಟಿಸಿದ್ದಾರೆ: ‘ಇಡುವುದು’, ‘ಖರ್ಚು’, ‘ನೋಡೋಣ’. ಸಂಜೆ ನಾನು ಶರ್ಟನ್ನು ಮೊಳೆಗೆ ನೇತು ಹಾಕಿ ಕಾಲು ತೊಳೆದು ಬರುವಷ್ಟರಲ್ಲಿ ಜೇಬು ಖಾಲಿ. ಟೇಬಲ್ ಮೇಲೆ ಪೇಪರ್ ಹಾಸಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಒಂದೊಂದೇ ನಾಣ್ಯ ತಿರುಗಿಸಿ ನೋಡುತ್ತಾ ಕೂತಿರುತ್ತಾರೆ. ‘ಇಡುವುದು’ ಡಬ್ಬಿಯಲ್ಲಿ ಸುಮಾರು ನಲವತ್ತಿವೆ. ‘ಖರ್ಚು’ ಡಬ್ಬಿಯಲ್ಲಿ ಹೆಚ್ಚೆಂದರೆ ಹತ್ತು. ಮಿಕ್ಕಿದ್ದೆಲ್ಲಾ ‘ನೋಡೋಣ’. ಯಾವಾಗ ನೋಡುವುದು, ಯಾರು ನೋಡುವುದು, ಕೇಳಬಾರದು.

ಹಾಗಂತ ಅಪ್ಪ ಸುಮ್ನೆ ಗುಡ್ಡೆ ಹಾಕುವವರಲ್ಲ. ಲೆಕ್ಕಾಚಾರ ಇದೆ. ಮೊದಲನೆಯದು ಅಯಸ್ಕಾಂತದ ಪರೀಕ್ಷೆ. ಫ್ರಿಜ್ಜಿನ ಬಾಗಿಲಿಂದ ಅಯಸ್ಕಾಂತದ ಚಿಟ್ಟೆಯನ್ನು ಕಿತ್ತು ತಂದು ನಾಣ್ಯದ ಮೇಲೆ ಆಡಿಸುತ್ತಾರೆ. ಒಂದು ರೂಪಾಯಿ 1992ರಿಂದ ಸ್ಟೀಲಿನದು, ಹಾಗಾಗಿ ಟಪ್ ಅಂತ ಅಂಟಿಕೊಳ್ಳುತ್ತದೆ, ಖರ್ಚು ಮಾಡಬಹುದು. ಅದಕ್ಕಿಂತ ಹಳೆಯ ತಾಮ್ರ-ನಿಕ್ಕಲ್ಲಿನ ರೂಪಾಯಿ ಅಂಟುವುದಿಲ್ಲ, ಇಡಬೇಕು. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಹಳದಿ ಬಣ್ಣದ ಐದು ರೂಪಾಯಿಯೂ ಅಂಟುವುದಿಲ್ಲ. ಅದು ಎಲ್ಲರ ಜೇಬಿನಲ್ಲೂ ಇದೆ. ಹಾಗಾದರೆ ಏನು ಮಾಡುವುದು? ನೋಡೋಣ. ಈಗ ಫ್ರಿಜ್ಜಿನ ಮೇಲಿದ್ದ ಕರೆಂಟ್ ಬಿಲ್ಲು ದಿನಾ ನೆಲದ ಮೇಲೆ ಬಿದ್ದಿರುತ್ತದೆ.

ಹತ್ತು ರೂಪಾಯಿ ನಾಣ್ಯದ ಕತೆಯೇ ಬೇರೆ. ‘ಇದು ನಡೆಯಲ್ಲ’ ಅಂತ ಅಂಗಡಿಯವರು ವಾಪಸ್ ಕೊಡುವುದು ನಿಮಗೂ ಗೊತ್ತಿರುತ್ತದೆ. 2018ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ, ಎಲ್ಲವೂ ನಡೆಯುತ್ತವೆ ಅಂತ. ನಾನು ಇದನ್ನು ಅಂಗಡಿಯವರ ಬಾಯಿ ಮುಚ್ಚಿಸಲು ಓದಿ ಹೇಳಿದೆ. ಅಪ್ಪನ ಕಿವಿಗೆ ಬಿದ್ದದ್ದು ‘14’ ಮಾತ್ರ. ಈಗ ಅವರಿಗೆ ಹದಿನಾಲ್ಕೂ ಬೇಕು. ಒಂಬತ್ತು ಸಿಕ್ಕಿವೆ. ಮಿಕ್ಕ ಐದಕ್ಕಾಗಿ ನನ್ನ ಜೇಬು ದಿನಾ ಜಪ್ತಿ.

ಅಸಲಿ ಪ್ರಕರಣ ನಡೆದದ್ದು ಹೋದ ತಿಂಗಳು. ನಾಣ್ಯದ ಇಸವಿಯ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ: ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇದು ಗೊತ್ತಾದ ದಿನದಿಂದ ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ನಾಣ್ಯದ ಹುಟ್ಟೂರು ಬರೆದಿಡುತ್ತಿದ್ದಾರೆ. ಆ ಸಂಜೆ ಹನ್ನೊಂದು ಮೂಲೆಯ ಹಳೆ ಎರಡು ರೂಪಾಯಿ ಸಿಕ್ಕಿತ್ತು, ಭಾರತದ ನಕ್ಷೆಯೂ ಬಾವುಟವೂ ಇರುವುದು. ಅಪ್ಪ ಭೂತಗನ್ನಡಿ ಹಿಡಿದವರು ಉಸಿರು ಬಿಡಲಿಲ್ಲ.

‘ಲೋ, ಇಲ್ಲಿ ಬಾರೋ. ಎರಡು ಚುಕ್ಕೆ!’

ಒಂದು ಚುಕ್ಕೆ ಅಂದರೆ ನೊಯ್ಡಾ, ಸರಿ. ಎರಡು ಚುಕ್ಕೆ? ಯಾವ ಪಟ್ಟಿಯಲ್ಲೂ ಇಲ್ಲ. ‘ಅಚ್ಚಿನ ತಪ್ಪು ಕಣೋ ಇದು, ಇಂಥದ್ದಕ್ಕೇ ಜನ ಹುಡುಕಾಡೋದು’ ಅಂದರು. ನಾನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಹೌದು, ಎರಡು. ಟಾರ್ಚ್ ತಂದು ಓರೆಯಾಗಿ ಬೆಳಕು ಬಿಟ್ಟೆವು. ಎರಡೇ. ಪಕ್ಕದ ಮನೆಯವರನ್ನು ಕರೆದೆವು, ಅವರು ಕನ್ನಡಕ ಮರೆತು ಬಂದಿದ್ದರು, ಆದರೂ ಎರಡು ಎಂದೇ ಸಾಕ್ಷಿ ಹೇಳಿದರು. ತೊಳೆಯಬಾರದು, ಉಜ್ಜಬಾರದು, ತೊಳೆದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕಟ್ಟುವುದಿಲ್ಲ ಎಂದು ಅಪ್ಪ ಎಲ್ಲರಿಗೂ ಎಚ್ಚರಿಕೆ ಕೊಟ್ಟು, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ಹತ್ತಿಯ ಮೇಲೆ ಮಲಗಿಸಿದರು. ಹುಟ್ಟಿದಾಗ ನನ್ನನ್ನೂ ಅಷ್ಟು ಜೋಪಾನವಾಗಿ ಮಲಗಿಸಿರಲಿಕ್ಕಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದೂ ಆಯಿತು: ‘ನೊಯ್ಡಾ, ಎರಡು ಚುಕ್ಕೆ, ಅಪರೂಪ’, ಅಡಿಗೆರೆ ಸಮೇತ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಂದಳು. ‘ಏನ್ರೀ ಅದು ಗಲಾಟೆ’ ಅಂತ ಎತ್ತಿಕೊಂಡಳು, ಕಣ್ಣು ಕಿರಿದು ಮಾಡಿ ನೋಡಿದಳು, ಹೆಬ್ಬೆರಳಿನ ಉಗುರಿನಿಂದ ಒಂದು ಸಲ ಗೀರಿದಳು. ಒಂದು ಚುಕ್ಕೆ ಹೋಯಿತು. ಅಪ್ಪ ‘ಅಯ್ಯೋ’ ಅನ್ನುವಷ್ಟರಲ್ಲಿ ಇನ್ನೊಂದು ಸಲ ಗೀರಿದಳು. ಇನ್ನೊಂದೂ ಹೋಯಿತು. ಒಣಗಿದ ಪೇಂಟೋ ಎಂಥದೋ. ‘ಕೊಳೆ’ ಅಂದು ನಾಣ್ಯವನ್ನು ಸೆರಗಿಗೆ ಒರೆಸಿ ಇಟ್ಟು ಒಳಗೆ ಹೋದಳು.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ನು ತೆಗೆದು ‘ನೊಯ್ಡಾ’ ಹೊಡೆದು ಹಾಕಿ ‘ಕೋಲ್ಕತ್ತಾ’ ಎಂದು ಬರೆದರು. ಒಂದೇ ಉಗುರಿನಲ್ಲಿ ನೊಯ್ಡಾದಿಂದ ಕೋಲ್ಕತ್ತಾಕ್ಕೆ ಹೋದ ನಾಣ್ಯ ಅದೊಂದೇ ಇರಬೇಕು. ಈಗ ‘ನೋಡೋಣ’ದಲ್ಲಿದೆ.

ಇದಕ್ಕೆಲ್ಲಾ ತುಪ್ಪ ಸುರಿಯುವುದು ಮೊಬೈಲಿಗೆ ಬರುವ ವಿಡಿಯೋಗಳು. ವೈಷ್ಣೋದೇವಿ ಚಿತ್ರದ ನಾಣ್ಯ ಇದೆಯೇ, ಲಕ್ಷಾಧೀಶರಾಗಿ! ಆ ನಾಣ್ಯ ಬಂದದ್ದು 2012ರಲ್ಲಿ, ಮೊನ್ನೆ ಮೊನ್ನೆಯದು. ಹಳೆ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ನು ಕೇಳುವವರನ್ನು ನಂಬಬೇಡಿ ಎಂದು 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಸಿತ್ತು. ಅದನ್ನು ಅಪ್ಪನಿಗೆ ಓದಿ ಹೇಳಿದೆ. ‘ನಾನೇನು ಮಾರ್ತೀನಾ?’ ಅಂದರು. ಅದೂ ಹದಿನಾರಾಣೆ ಸತ್ಯ. 2006ರ ಬಸವಣ್ಣನ ಐದು ರೂಪಾಯಿಯನ್ನು ಯಾರು ಎಷ್ಟು ಕೊಟ್ಟರೂ ಅವರು ಕೊಡುವುದಿಲ್ಲ. ಅದು ದೇವರ ಮನೆ ಸೇರಿ ವರ್ಷಗಳಾದವು.

ಬೈಯುತ್ತಾ ಇದ್ದೇನೆ, ಆದರೆ ಅಟ್ಟದ ಮೇಲಿನ ಬಟ್ಟೆ ಚೀಲ ನೆನಪಾದರೆ ದನಿ ತಗ್ಗುತ್ತದೆ. ಅದರಲ್ಲಿರುವುದು ಬರೀ ನಾಲ್ಕಾಣೆ, ಅಂದರೆ 25 ಪೈಸೆ, ಘೇಂಡಾಮೃಗದ ಚಿತ್ರ ಇರುವುದು. (ಆಣೆಯ ಲೆಕ್ಕ 1957ರಲ್ಲೇ ಹೋಯಿತು, ನಮ್ಮ ಬಾಯಿಂದ ಇನ್ನೂ ಹೋಗಿಲ್ಲ.) ನಾನು ಚಿಕ್ಕವನಿದ್ದಾಗ ಅಪ್ಪ ಆಫೀಸಿಂದ ಬಂದವರೇ ಜೇಬು ಕೊಡವಿ ನನ್ನ ಅಂಗೈಗೆ ಒಂದು ನಾಲ್ಕಾಣೆ ಹಾಕುತ್ತಿದ್ದರು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ನಿಧಾನವಾಗಿ ಕೊಂಬು ಮೂಡುತ್ತಿತ್ತು, ಆಮೇಲೆ ಬೆನ್ನು, ಕೊನೆಗೆ ಕಾಲು. ನೋಟ್‌ಬುಕ್ಕಿನ ಹಿಂದಿನ ಹಾಳೆ ತುಂಬಾ ಘೇಂಡಾಮೃಗಗಳ ಹಿಂಡು. 2011ರಲ್ಲಿ ನಾಲ್ಕಾಣೆ ರದ್ದಾಯಿತು, ಜೂನ್ 29ರೊಳಗೆ ಬ್ಯಾಂಕಿಗೆ ಕೊಟ್ಟು ಬದಲಾಯಿಸಿಕೊಳ್ಳಿ ಅಂದರು. ಅಪ್ಪ ಚೀಲ ಹೊರಗೆ ತೆಗೆದು ಚಪ್ಪಲಿ ಗೂಡಿನ ಪಕ್ಕ ಇಟ್ಟರು. ‘ನಾಳೆ ನೋಡೋಣ’ ಅಂದರು. ಜೂನ್ 30ರಂದು ಚೀಲ ವಾಪಸ್ ಅಟ್ಟಕ್ಕೆ ಹೋಯಿತು. ಆಗ ಅದು ಸೋಮಾರಿತನ ಅಂದುಕೊಂಡಿದ್ದೆ.

ಇರಲಿ. ಸಂಜೆ ಮನೆಗೆ ಬಂದು ಬಸ್ಸಿನ ಕತೆ ಹೇಳಿ ಚೆನ್ನಾಗಿ ಕೂಗಾಡಿದೆ. ಅಪ್ಪನಿಗೂ ಪಾಪ ಅನ್ನಿಸಿರಬೇಕು. ‘ಆ ಹುಡುಗನಿಗೆ ನಾಳೆ ವಾಪಸ್ ಕೊಡಬೇಕು ಕಣೋ’ ಎಂದು ತಾವೇ ‘ಖರ್ಚು’ ಡಬ್ಬಿ ತಂದು ಪೇಪರ್ ಮೇಲೆ ಸುರಿದರು. ಒಂದು ರೂಪಾಯಿ ಎತ್ತಿ ಕೊಟ್ಟರು. ಇನ್ನೊಂದು ಕೊಟ್ಟರು. ಮೂರನೆಯದನ್ನು ಕೊಡಲು ಕೈ ಚಾಚಿದವರು ಅರ್ಧದಲ್ಲೇ ನಿಂತರು. ಕನ್ನಡಕ ಮೇಲೆತ್ತಿ ಭೂತಗನ್ನಡಿಗೆ ತಡಕಾಡಿದರು.

‘ಸ್ವಲ್ಪ ತಡಿ. ಇದೊಂದು ನೋಡೋಣ.’