ರಜೆಗೆ ಬಂದಾಗ ಬೆಂಗಳೂರಲ್ಲೇ ಯುರೋಪ್ ವೀಸಾ ಮಾಡಿಸ್ತೀನಿ ಅನ್ನುವವರಿಗೆ

ಕಳೆದ ವಾರ ದುಬೈನಿಂದ ರಜೆಗೆ ಬಂದು ಬಳ್ಳಾರಿ ಮನೆಯಲ್ಲಿ ಕೂತು ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದೆ. ಶಾರ್ಜಾದಿಂದ ಅಕ್ಕನ ಮಗನ ಫೋನ್ ಬಂತು. "ಮಾಮ, ಮುಂದಿನ ತಿಂಗಳು ನಾನೂ ರಜೆಗೆ ಬರ್ತೀನಿ. ಹಾಗೇ ಬೆಂಗಳೂರಿಗೆ ಹೋಗಿ ಷೆಂಗೆನ್ ವೀಸಾಕ್ಕೆ ಹಾಕ್ಬಿಡ್ತೀನಿ. ದುಬೈನಲ್ಲಿ ಸ್ಲಾಟೇ ಸಿಗ್ತಿಲ್ಲ. ಭಾರತದವರಿಗೆ ಈಗ ಐದು ವರ್ಷದ ವೀಸಾ ಕೊಡ್ತಾರಂತೆ, ಅಲ್ವಾ?"

ಬೇಡಪ್ಪಾ, ಹಾಗೆ ಮಾಡಬೇಡ ಅಂದೆ. ಷೆಂಗೆನ್ ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ, ಸ್ಲಾಟ್ ಅಂದರೆ ಅದರ ಅರ್ಜಿ ಕೊಡಲು ಸಿಗುವ ದಿನ-ಸಮಯ. ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಗಲ್ಫ್‌ನಲ್ಲಿರುವ ನಮ್ಮ ಕಡೆಯ ಎಷ್ಟೋ ಹುಡುಗರು ಇದನ್ನೇ ಕೇಳುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಐದು ವರ್ಷದ ಮಾತು. ಸುದ್ದಿ ಸುಳ್ಳಲ್ಲ. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತೀಯರಿಗಾಗಿ ಹೊಸ ನಿಯಮ ತಂದಿತು. ಹಿಂದಿನ 3 ವರ್ಷದಲ್ಲಿ ಎರಡು ವೀಸಾ ಪಡೆದು, ಸರಿಯಾಗಿ ಬಳಸಿದವರಿಗೆ 2 ವರ್ಷದ ವೀಸಾ. ಅದಾದ ಮೇಲೆ, ಪಾಸ್‌ಪೋರ್ಟ್‌ನ ಅವಧಿ ಇದ್ದರೆ, 5 ವರ್ಷದ್ದು. ಆದರೆ ಇದು ಭಾರತದಲ್ಲೇ ವಾಸ ಇದ್ದು, ಭಾರತದಲ್ಲೇ ಅರ್ಜಿ ಹಾಕುವವರಿಗೆ. ನಮ್ಮ ಹತ್ತಿರ ಇರುವುದೂ ಅದೇ ನೀಲಿ ಪಾಸ್‌ಪೋರ್ಟ್, ಆದರೂ ನಾವು ಈ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಇದು ಸರಿ ಅನಿಸುವುದಿಲ್ಲ. ಹೋಗಿ ನಿಯಮದ ಪ್ರಕಾರ ವಾಪಸ್ ಬಂದವನನ್ನು ನಂಬುವುದಾದರೆ, ಅವನು ಬಳ್ಳಾರಿಯಲ್ಲಿದ್ದರೇನು, ದುಬೈನಲ್ಲಿದ್ದರೇನು?

ಇನ್ನು ಎಲ್ಲಿ ಅರ್ಜಿ ಹಾಕಬೇಕು ಅನ್ನುವುದು. ಕಾನೂನುಬದ್ಧವಾಗಿ ಎಲ್ಲಿ ವಾಸ ಇದ್ದೀರೋ ಅಲ್ಲಿ. ಯುರೋಪಿನ ವೀಸಾ ಕೋಡ್‌ನ 6ನೇ ವಿಧಿ ಹೇಳುವುದೇ ಇದನ್ನು. ಬೇರೆ ಕಡೆ ಹಾಕಲೇಬೇಕು ಅಂದರೆ ಯಾಕೆ ಅಂತ ಗಟ್ಟಿ ಕಾರಣ ತೋರಿಸಬೇಕು. "ರಜೆಗೆ ಬಂದಿದ್ದೆ" ಅನ್ನುವುದನ್ನು ಗಟ್ಟಿ ಕಾರಣ ಅಂತ ಒಪ್ಪುತ್ತಾರೆ ಅಂತ ನನಗೆ ಅನಿಸುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. 2023ರಲ್ಲಿ ನಮ್ಮ ಮನೆಯವರೆಲ್ಲರ ಅರ್ಜಿ ತಿರಸ್ಕಾರ ಆಗಿತ್ತು.

ನಮಗೆ ಇಟಲಿ ನೋಡಬೇಕಿತ್ತು. ನನ್ನ ಹೆಂಡತಿಗೆ ವೆನಿಸ್ ಬಹಳ ವರ್ಷದ ಆಸೆ. ಇಟಲಿಗೆ ಸ್ಲಾಟ್ ಇರಲಿಲ್ಲ. ಏಜೆಂಟ್ ಒಬ್ಬರು, "ಯಾವ ದೇಶದ್ದು ಸಿಗುತ್ತೋ ಅದಕ್ಕೆ ಹಾಕೋಣ ಸಾರ್, ಒಳಗೆ ಹೋದ ಮೇಲೆ ಎಲ್ಲಿ ಬೇಕಾದರೂ ಓಡಾಡಬಹುದು" ಅಂದರು. ನಾನು ಒಪ್ಪಿಕೊಂಡೆ. ಹೋಗುವ ಮನಸ್ಸೇ ಇಲ್ಲದ ಊರಿನಲ್ಲಿ ಐದು ರಾತ್ರಿ ಹೋಟೆಲ್ ತೋರಿಸಿದರು. ಅರ್ಜಿ ಕೊಟ್ಟ ಎರಡು ದಿನಕ್ಕೆ ಆ ಬುಕಿಂಗ್ ರದ್ದು ಮಾಡಿದ್ದರು, ಅದು ನನಗೆ ಆಮೇಲೆ ಗೊತ್ತಾಯಿತು. ನಿಯಮ ಏನೆಂದರೆ, ಜಾಸ್ತಿ ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಖಾತೆಯ ವಿಷಯದಲ್ಲೂ ತಪ್ಪು ಮಾಡಿದ್ದೆ. ಜಾಸ್ತಿ ಕಾಣಲಿ ಅಂತ ಸ್ನೇಹಿತನಿಂದ 20,000 ದಿರ್ಹಮ್ ಹಾಕಿಸಿಕೊಂಡಿದ್ದೆ. ಸ್ಟೇಟ್‌ಮೆಂಟ್ ತೆಗೆಸುವ ಹತ್ತು ದಿನ ಮುಂಚೆ! ಯಾರು ನೋಡಿದರೂ ಗೊತ್ತಾಗುತ್ತದೆ.

ಊರಿಂದ ಸಿರುಗುಪ್ಪದ ಗದ್ದೆಯ ಪಹಣಿ ತರಿಸಿದ್ದೆ. ಅಪ್ಪ ಬಿಸಿಲಲ್ಲಿ ಓಡಾಡಿ ಅದನ್ನು ಇಂಗ್ಲಿಷ್‌ಗೆ ಮಾಡಿಸಿ, ನೋಟರಿ ಹಾಕಿಸಿ ಕಳಿಸಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಯಾಕೆಂದರೆ ವೀಸಾ ಕೊಡುವವರಿಗೆ ಬೇಕಿದ್ದ ಉತ್ತರ ಬೇರೆ. ಹದಿನೈದು ದಿನ ಸುತ್ತಾಡಿ ಈ ಮನುಷ್ಯ ವಾಪಸ್ ಎಲ್ಲಿಗೆ ಹೋಗುತ್ತಾನೆ? ನಾನು ವಾಪಸ್ ಹೋಗಬೇಕಿದ್ದದ್ದು ದುಬೈಗೆ. ಅದಕ್ಕೆ ಸಿರುಗುಪ್ಪದ ಗದ್ದೆ ಹೇಗೆ ಸಾಕ್ಷಿ ಹೇಳುತ್ತದೆ?

ತಿರಸ್ಕಾರದ ಹಾಳೆಯಲ್ಲಿ ಪ್ರವಾಸದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬುವಂತಿಲ್ಲ ಅನ್ನುವ ಕಡೆ ಗುರುತು ಹಾಕಿದ್ದರು. ತುಂಬಾ ಸಿಟ್ಟು ಬಂದಿತ್ತು. ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು.

ಮುಂದಿನ ವರ್ಷ ಏಜೆಂಟ್ ಹತ್ತಿರ ಹೋಗಲಿಲ್ಲ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಹಾಗಾಗಿ ಇಟಲಿಯ ಸ್ಲಾಟ್‌ಗಾಗಿಯೇ ಕಾದೆವು. ಮುಖ್ಯವಾಗಿ, ಅರ್ಜಿಯ ಜೊತೆ ಕೊಡುವ ಪತ್ರ, ಅಂದರೆ ಕವರಿಂಗ್ ಲೆಟರ್, ನಾನೇ ಬರೆದೆ. ಯಾವ ದಿನ ಯಾವ ಊರು, ಯಾಕೆ ಆ ಊರು, ಖರ್ಚು ಯಾರದು, ಯಾವತ್ತು ಕೆಲಸಕ್ಕೆ ಹಾಜರಾಗಬೇಕು, ಎಲ್ಲಾ ಬರೆದೆ. ಹಿಂದಿನ ತಿರಸ್ಕಾರವನ್ನೂ, ಏನು ತಪ್ಪಾಗಿತ್ತು ಅನ್ನುವುದನ್ನೂ ಬರೆದೆ. ಮುಚ್ಚಿಟ್ಟು ಪ್ರಯೋಜನ ಇಲ್ಲ. ಎಲ್ಲಾ ಷೆಂಗೆನ್ ದೇಶಗಳಿಗೂ ಒಂದೇ ಕಂಪ್ಯೂಟರ್ ವ್ಯವಸ್ಥೆ, ದುಬೈನಲ್ಲಿ ಆದದ್ದು ಬೆಂಗಳೂರಿನಲ್ಲೂ ಕಾಣುತ್ತದೆ. ಜೊತೆಗೆ ಕಂಪನಿಯ ಪತ್ರ, ಸಂಬಳದ ಸ್ಲಿಪ್, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ಇಜಾರಿ (ಮನೆ ಬಾಡಿಗೆ ಒಪ್ಪಂದದ ನೋಂದಣಿ), ಮಗಳ ಶಾಲೆಯ ಪತ್ರ. ಖಾತೆಯಲ್ಲಿ ಇದ್ದಷ್ಟೇ ಹಣ. ಪ್ರವಾಸದ ವಿಮೆ ಕಡಿಮೆ ಅಂದರೂ 30,000 ಯೂರೋದ್ದು ಇರಬೇಕು, ಅದನ್ನು ಮಾಡಿಸಿದೆ.

ನಮ್ಮ ಊರಿನವರಿಗೆ ಬರುವ ಒಂದು ತೊಡಕು ಇದೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಇಂಗ್ಲಿಷಿನ ಹಳೇ ಸ್ಪೆಲ್ಲಿಂಗ್‌ನಲ್ಲಿ 'ಬೆಲ್ಲರಿ' ಅಂತಿದೆ. ಹೆಂಡತಿಯ ಹೊಸ ಪಾಸ್‌ಪೋರ್ಟ್‌ನಲ್ಲಿ 'ಬಳ್ಳಾರಿ'. ಹೊರಗಿನವರಿಗೆ ಇವು ಎರಡು ಬೇರೆ ಊರು. 2014ರ ನವೆಂಬರ್ 1ರಿಂದ ಸರ್ಕಾರ ಹೆಸರು ಬದಲಿಸಿದೆ, ಎರಡೂ ಒಂದೇ ಊರು ಅಂತ ಪತ್ರದಲ್ಲಿ ನಾನು ಒಂದು ಸಾಲು ಸೇರಿಸಿದೆ. ನಿಮ್ಮ ಫೈಲ್‌ನಲ್ಲೂ ಸೇರಿಸಿ, ಸುಮ್ನೆ ಅನುಮಾನಕ್ಕೆ ಜಾಗ ಬೇಡ.

80 ಯೂರೋ ಇದ್ದ ಶುಲ್ಕ ಅಷ್ಟರಲ್ಲಿ 90 ಯೂರೋಗೆ ಏರಿತ್ತು. 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ತಿರಸ್ಕಾರ ಆದರೆ ಒಂದು ಪೈಸೆ ವಾಪಸ್ ಬರುವುದಿಲ್ಲ. ಹನ್ನೆರಡನೇ ದಿನಕ್ಕೆ ಪಾಸ್‌ಪೋರ್ಟ್ ಬಂತು. ಮೂವರಿಗೂ ವೀಸಾ ಆಗಿತ್ತು. ವೆನಿಸ್‌ನಲ್ಲಿ ದೋಣಿ ಹತ್ತುವಾಗ ಹೆಂಡತಿ ಮಾತೇ ಆಡಲಿಲ್ಲ, ನನ್ನ ಕೈ ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದಳು.

ಎಲ್ಲಾ ಏಜೆಂಟರೂ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಫಾರ್ಮ್ ತುಂಬಲು ಸಹಾಯ ಪಡೆಯಿರಿ. ಆದರೆ ನೀವು ಯಾಕೆ ಹೋಗುತ್ತಿದ್ದೀರಿ, ಯಾಕೆ ವಾಪಸ್ ಬರುತ್ತೀರಿ ಅನ್ನುವುದು ನಿಮಗೆ ಮಾತ್ರ ಗೊತ್ತು. ಅದನ್ನು ಇನ್ನೊಬ್ಬರ ಕೈಲಿ ಬರೆಸಬೇಡಿ. ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಹೆದರಬೇಡಿ, ಸಣ್ಣ ಸಣ್ಣ ವಾಕ್ಯ ಸಾಕು.

ನಿನ್ನೆ ರಾತ್ರಿ ಅಕ್ಕನ ಮಗ ಮತ್ತೆ ಫೋನ್ ಮಾಡಿದ್ದ. ದುಬೈನಲ್ಲೇ ಹಾಕುತ್ತಾನಂತೆ. ರೆಸಿಡೆನ್ಸಿ, ಅಂದರೆ ಅಲ್ಲಿ ವಾಸ ಇರುವ ಪರವಾನಗಿ, ಎಷ್ಟು ದಿನ ಇದೆ ನೋಡು ಅಂದೆ. ಪ್ರವಾಸ ಮುಗಿದ ಮೇಲೂ ಅದು ಮೂರು ತಿಂಗಳು ಇರಬೇಕು ಅಂತ ಕೇಳುತ್ತಾರೆ. ನೋಡಿದರೆ ಅವನದ್ದು ಉಳಿದಿರುವುದೇ ಎರಡು ತಿಂಗಳು. ಮೊದಲು ಅದನ್ನು ರಿನ್ಯೂ ಮಾಡಿಸುತ್ತಾನೆ. ಅಷ್ಟರಲ್ಲಿ ಪತ್ರವನ್ನು ಕನ್ನಡದಲ್ಲೇ ಬರೆದು ನನಗೆ ಕಳಿಸು ಅಂದಿದ್ದೇನೆ. ಇಂಗ್ಲಿಷ್‌ಗೆ ಇಬ್ಬರೂ ಕೂತು ಮಾಡುತ್ತೇವೆ.