ನಾಟಕದ ಥರ ಇದೆ ಅಂದರೆ ಬೈಗುಳವಾ?

ನಿನ್ನೆ ರಾತ್ರಿ ಮನೆಯಲ್ಲಿ ‘ಬೇಡರ ಕಣ್ಣಪ್ಪ’ ಹಾಕಿದ್ದೆ. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಸ್ವಲ್ಪ ಹೊತ್ತು ನೋಡಿದ. “ಏನ್ ಮಾವ, ಸಿನಿಮಾನೋ ನಾಟಕನೋ? ಎಷ್ಟು ಓವರ್ ಆಕ್ಟಿಂಗ್!” ಅಂದು ಮೊಬೈಲ್ ತೆಗೆದ. ಮೈಯೆಲ್ಲ ಉರಿದುಹೋಯಿತು.

ನಾಟಕನೇ ಕಣಪ್ಪ! ಗುಬ್ಬಿ ಕಂಪನಿ ಆಡುತ್ತಿದ್ದ ನಾಟಕವನ್ನೇ ಎಚ್.ಎಲ್.ಎನ್. ಸಿಂಹ ಅವರು 1954ರಲ್ಲಿ ಸಿನಿಮಾ ಮಾಡಿದ್ದು. ಅಪ್ಪ ಪುಟ್ಟಸ್ವಾಮಯ್ಯನವರ ಜೊತೆ ಅದೇ ಕಂಪನಿಯಲ್ಲಿ ಪಳಗಿದ ಮುತ್ತುರಾಜ ಈ ಸಿನಿಮಾದಿಂದಲೇ ರಾಜ್‌ಕುಮಾರ್ ಆಗಿದ್ದು. ಜಿ.ವಿ. ಅಯ್ಯರ್, ನರಸಿಂಹರಾಜು ಕೂಡ ಬಣ್ಣ ಹಚ್ಚಿ ಕಲಿತದ್ದು ನಾಟಕದಲ್ಲೇ. ಹಿಂದಿನ ಸಾಲಲ್ಲಿ ಚಾಪೆ ಮೇಲೆ ಕೂತವನಿಗೂ ಮಾತು ಮುಟ್ಟಿಸಿದ ಗಂಟಲು ಅದು. ಪಿಸುಗುಟ್ಟು ಅಂದರೆ ಹೇಗೆ?

ಕ್ಯಾಮೆರಾ ಅಲ್ಲಾಡಲ್ಲ, ಹಾಡು ಜಾಸ್ತಿ ಅಂತೀರಿ. ಇರಬಹುದು. ಎದುರಿಗೆ ಆ ಮುಖ ಇದ್ದಾಗ ಕ್ಯಾಮೆರಾ ಅಲ್ಲಾಡಿ ಏನು ಮಾಡಬೇಕಿತ್ತು? ಲಿಂಗದ ಕಣ್ಣಲ್ಲಿ ರಕ್ತ ಬಂತು ಅಂತ ದಿಣ್ಣ, ಅಂದರೆ ನಮ್ಮ ಕಣ್ಣಪ್ಪ, ತನ್ನ ಒಂದು ಕಣ್ಣು ಕಿತ್ತು ಕೊಟ್ಟಾಗಿದೆ. ಇನ್ನೊಂದನ್ನೂ ಕಿತ್ತರೆ ಲಿಂಗದ ಕಣ್ಣು ಎಲ್ಲಿದೆ ಅಂತ ಕಾಣಲ್ಲ. ಅದಕ್ಕೇ ಗುರುತಿಗೆ ಕಾಲಿಡಬೇಕು, ಅದೂ ದೇವರ ಮೇಲೆ! ಇದನ್ನು ಕಾಫಿ ಆರ್ಡರ್ ಮಾಡುವ ದನಿಯಲ್ಲಿ ಮಾಡಬೇಕಿತ್ತಾ? ಈಗಿನ ಹೀರೋಗಳು ಹಾಗೇ ಮಾಡ್ತಾರೆ ಬಿಡಿ. ತುಟಿ ಬಿಚ್ಚಲ್ಲ. ಅದಕ್ಕೆ ‘ನ್ಯಾಚುರಲ್’ ಅಂತ ಹೆಸರು. ಕನ್ನಡ ಸಿನಿಮಾಕ್ಕೇ ಕನ್ನಡ ಸಬ್‌ಟೈಟಲ್ ಬೇಕು.

ಹಾಸನದವರಾದರೂ ನಾಟಕ ಅಂದರೆ ಮೂಗು ಮುರಿಯಬಾರದು. ನಮ್ಮ ಕಡೆ ಈಗಲೂ ಹಬ್ಬಕ್ಕೆ, ಜಾತ್ರೆಗೆ ಕುರುಕ್ಷೇತ್ರ ಆಡ್ತಾರೆ. ಹಗಲೆಲ್ಲ ಆಲೂಗಡ್ಡೆ ಹೊಲದಲ್ಲಿ ಗೇಯ್ದವರು ರಾತ್ರಿ ಹಾರ್ಮೋನಿಯಂ ಮುಂದೆ ಕೂತು ಕಂದಪದ್ಯ ಕಲಿಯುತ್ತಾರೆ. ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟುತ್ತಾರೆ. ದುರ್ಯೋಧನನಿಗೆ ರೇಟು ಜಾಸ್ತಿ, ಕೃಷ್ಣನಿಗೆ ಇನ್ನೂ ಜಾಸ್ತಿ.

ನಿಜ ಹೇಳಿಬಿಡ್ತೀನಿ, ನನಗೂ ಕೃಷ್ಣ ಆಗುವ ಆಸೆ ಇತ್ತು. ದುಡ್ಡೂ ಹೊಂದಿಸಿದ್ದೆ. ಮೇಷ್ಟ್ರು ಒಂದು ಆಲಾಪ ಹಾಡಿಸಿ, “ನೀನು ಸಹದೇವ ಮಾಡಪ್ಪ” ಅಂದರು. ಕೃಷ್ಣ ಆದವನನ್ನು ಕಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಅಂಥ ಗಂಟಲು ಸುಮ್ನೆ ಬರಲ್ಲ ಅಂತ ಗೊತ್ತು, ಅದಕ್ಕೇ ಇಷ್ಟು ಕೋಪ.

ಕಾಮೆಂಟಿನಲ್ಲಿ ಫ್ಯಾನ್ಸ್ ಜಗಳ ಬೇಡ. ಈ ಸಿನಿಮಾದ ಒಳ್ಳೇ ಪ್ರಿಂಟ್ ಎಲ್ಲಾದರೂ ಇದ್ದರೆ ತಿಳಿಸಿ. ನಾನು ಹಾಕಿದ್ದರಲ್ಲಿ ನಾಯಕಿ ಪಂಢರಿಬಾಯಿ ಅವರ ಮುಖವೇ ಸರಿಯಾಗಿ ಕಾಣಲಿಲ್ಲ.